ಗಡುವಿನ ಇಂಗ್ಲಿಷ್: ‘ಟಿಲ್’, ‘ಬೈ’, ‘ವಿದಿನ್’

ಗುತ್ತಿಗೆದಾರರಿಗೆ ಬರೆಯುವ ಇಂಗ್ಲಿಷ್ ಪತ್ರಗಳಲ್ಲಿ ‘ಕಂಪ್ಲೀಟ್ ದ ವರ್ಕ್ ಟಿಲ್ ಮಾರ್ಚ್ 31’ ಎಂಬ ತಪ್ಪು ಪ್ರಯೋಗ ಕಂಡುಬರುವುದುಂಟು. ‘ಬೈ ಮಾರ್ಚ್ 31’ ಎಂಬುದೇ ಸರಿ.

‘ಟಿಲ್’ ಎಂದರೆ ‘ವರೆಗೆ’. ಅದು ಮುಂದುವರಿಯುವ ಕ್ರಿಯೆಗೆ ಮಾತ್ರ ಸಲ್ಲುತ್ತದೆ. ಉದಾಹರಣೆಗೆ: ‘ದ ಆಫೀಸ್ ಈಸ್ ಓಪನ್ ಟಿಲ್ 5.30’. ‘ಒಳಗೆ’ ಎನ್ನುವಲ್ಲಿ ದಿನಾಂಕವಿದ್ದರೆ ‘ಬೈ’, ಅವಧಿಯಿದ್ದರೆ ‘ವಿದಿನ್’ ಬಳಸತಕ್ಕದ್ದು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಾಮಾನ್ಯವಾಗಿ ಮಾಹಿತಿ ಒದಗಿಸಬೇಕಾದುದು ‘ವಿದಿನ್ 30 ಡೇಸ್’.

ಮಾರ್ಚ್ 31 ಆರ್ಥಿಕ ವರ್ಷದ ಕೊನೆಯ ದಿನ. ಗಡುವು ಅಸ್ಪಷ್ಟವಾದಲ್ಲಿ ಕಾಮಗಾರಿ ಉಳಿದು, ಅನುದಾನ ವ್ಯಪಗತವಾಗುವ ಸಂಭವವಿದೆ. ಆದುದರಿಂದ ಸದಸ್ಯರು ಕರಡು ಪತ್ರವನ್ನು ಪರಿಶೀಲಿಸುವಾಗ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ಅಲ್ಲಿ ಸಲ್ಲುವುದು ‘ವರೆಗೆ’ ಎಂಬುದೋ ‘ಒಳಗೆ’ ಎಂಬುದೋ ಎಂದು ನಿಶ್ಚಯಿಸಿಕೊಳ್ಳುವುದು ಸೂಕ್ತ.