ತಿರುಮಲನ ಆ ಒಂದು ತೀರ್ಮಾನ

ಮಕ್ಕಳೇ, ಹಂಪಿ ನೋಡಿ ಬಂದವರೆಲ್ಲ ನನ್ನನ್ನು ಕೇಳುವುದು ಒಂದೇ: ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರದ ರಾಮರಾಯ ದಖನಿನ ಸುಲ್ತಾನರನ್ನು ಗೆದ್ದಿದ್ದರೆ? ಕೇಳಿ, ತಪ್ಪಿಲ್ಲ. ಆದರೆ ಗೆಲುವು ಯಾರೂ ಕೂತು ತೀರ್ಮಾನಿಸುವಂಥದ್ದಲ್ಲ. ಒಬ್ಬನ ಕೈಯಲ್ಲಿ ನಿಜವಾಗಿ ಯಾವ ತೀರ್ಮಾನವಿತ್ತು ಎಂದು ಹುಡುಕಿ, ಅಲ್ಲಿಂದ ಯೋಚನೆ ಶುರುಮಾಡಿ.

1565ರ ಜನವರಿಯಲ್ಲಿ ಅಂಥವು ಎರಡು ಕಾಣುತ್ತವೆ. ಒಂದು ಕೃಷ್ಣೆಯ ಕಡವಿನದು. ದಕ್ಷಿಣ ದಡವನ್ನು ವಿಜಯನಗರದವರು ಬಿಗಿಯಾಗಿ ಕಾಯುತ್ತಿದ್ದರು. ಸುಲ್ತಾನರ ಸೈನ್ಯ ಬೇರೆಲ್ಲೋ ದಾಟುವಂತೆ ನಟಿಸುತ್ತ ದಡದುದ್ದಕ್ಕೂ ಸಾಗಿತು. ಕಾವಲಿನವರು ಜಾಗ ಬಿಟ್ಟು ಕದಲಿದಾಗ ತಿರುಗಿ ಬಂದು ಹೊಳೆ ದಾಟಿತು ಎನ್ನುತ್ತಾನೆ ಇತಿಹಾಸಕಾರ ಫೆರಿಷ್ತಾ. ಮೋಸಹೋದದ್ದು ನಿಜ, ಆದರೆ ಕಡವು ಉಳಿದಿದ್ದರೂ ಯುದ್ಧ ಮುಂದೆ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ.

ನನ್ನ ಮನಸ್ಸು ನಿಲ್ಲುವುದು ಎರಡನೆಯದರ ಮೇಲೆ. ರಾಮರಾಯನ ತಲೆ ಬಿದ್ದ ಮೇಲೆ ಅವನ ತಮ್ಮ ತಿರುಮಲ ರಾಜಧಾನಿಗೆ, ಈಗಿನ ಹಂಪಿಗೆ, ಓಡಿಬಂದ. ಹೆಸರಿಗೆ ಅರಸನಾಗಿದ್ದ ಸದಾಶಿವರಾಯನನ್ನೂ ಭಂಡಾರವನ್ನೂ ಆನೆಗಳ ಮೇಲೇರಿಸಿಕೊಂಡು ಪೆನುಕೊಂಡಕ್ಕೆ ಹೊರಟುಬಿಟ್ಟ. ನಗರದ ಜನ ಹಿಂದೆ ಉಳಿದರು.

ಎಂಥ ನಗರ ಅದು! 1443ರಲ್ಲಿ ಪರ್ಷಿಯದಿಂದ ಬಂದ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆ ಕಂಡಿದ್ದ. ಉತ್ತರಕ್ಕೆ ತುಂಗಭದ್ರೆ, ಸುತ್ತ ಬಂಡೆಯ ಬೆಟ್ಟ, ಒಳಗೆ ಕಾಲುವೆಯ ನೀರು. ಹಿಂದಿನ ಬಹಮನಿ ಸುಲ್ತಾನರ ಸೈನ್ಯ ಒಂದಕ್ಕಿಂತ ಹೆಚ್ಚು ಸಲ ಅದರ ತನಕ ಬಂದು ಹಿಡಿಯಲಾಗದೆ ಮರಳಿತ್ತು. ಬಾಗಿಲು ಹಾಕಿಕೊಂಡು ಮಳೆಗಾಲದವರೆಗೆ ತಡೆದಿದ್ದರೆ? ಎದುರಿದ್ದ ಕೂಟ ಬಲು ಸಡಿಲ. ಬಿಜಾಪುರದ ಅಲಿ ಆದಿಲ್ ಶಾಹ ಕೆಲವೇ ವರ್ಷಗಳ ಹಿಂದೆ ರಾಮರಾಯನ ಜೊತೆಗೂಡಿ, ಈಗ ಅದೇ ಕೂಟದಲ್ಲಿದ್ದ ಅಹಮದ್‌ನಗರದ ಮೇಲೆ ದಂಡೆತ್ತಿದ್ದವನು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು. ಅದಕ್ಕೇ, ಈ ಯುದ್ಧವನ್ನು ಬರೀ ಧರ್ಮದ ಜಗಳವಾಗಿ ಓದಬೇಡಿ. ಹಾಗೆ ಓದಿದರೆ ಅವರವರ ಲೆಕ್ಕಾಚಾರ ಒಂದೂ ಕಾಣುವುದಿಲ್ಲ. ಗೆದ್ದ ಮೇಲೂ ಅವರು ಬಹುಕಾಲ ಒಟ್ಟಿಗೆ ಉಳಿಯಲಿಲ್ಲ. ದೀರ್ಘ ಮುತ್ತಿಗೆಯನ್ನು ಆ ಒಗ್ಗಟ್ಟು ತಾಳುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಮುಂದೆ ಪೆನುಕೊಂಡದ ಕೋಟೆಯೇ ಆದಿಲ್ ಶಾಹನ ಮುತ್ತಿಗೆಯನ್ನು ತಡೆದುಕೊಂಡಿತಲ್ಲ!

ಆದರೆ ತಿರುಮಲನ ಜಾಗದಲ್ಲೂ ನಿಂತು ನೋಡಿ. ಅಣ್ಣ ಸತ್ತಿದ್ದಾನೆ, ಸೈನ್ಯ ಚದುರಿದೆ, ಗೋಡೆ ಕಾಯುವವರು ಎಷ್ಟು ಮಂದಿ ಎಂಬುದೇ ಗೊತ್ತಿಲ್ಲ. ಶತ್ರುಗಳು ಮುಂದೆ ಜಗಳವಾಡುತ್ತಾರೆಂಬುದು ನಮಗೆ ಗೊತ್ತು, ಅವನಿಗೆ ಗೊತ್ತಿರಲಿಲ್ಲ. ಅರಸನೂ ಭಂಡಾರವೂ ಉಳಿದದ್ದರಿಂದಲೇ ತಿರುಮಲನ ಅರವೀಡು ವಂಶ ಹೆಚ್ಚುಕಡಿಮೆ ಇನ್ನೊಂದು ನೂರು ವರ್ಷ ಆಳಿತು. ಅವನು ರಾಜ್ಯ ಉಳಿಸಿದ, ನಗರ ಕಳೆದುಕೊಂಡ. ಜನರಿಲ್ಲದ ಆ ನಗರಕ್ಕೆ 1567ರಲ್ಲಿ ಬಂದ ವೆನಿಸ್ಸಿನ ಸೀಸರ್ ಫ್ರೆಡರಿಕ್ ಮನೆಗಳು ನಿಂತೇ ಇವೆ, ಒಳಗೆ ಹುಲಿ ಮೊದಲಾದ ಕಾಡುಮೃಗಗಳಿವೆ ಎಂದು ಬರೆದ. ತಿರುಮಲ ಮತ್ತೆ ಜನರನ್ನು ಕರೆತರಲು ಯತ್ನಿಸಿದ, ಆಗಲಿಲ್ಲ.

ಇದಕ್ಕಿಂತ ಮುಂದಕ್ಕೆ ಎಳೆಯಬೇಡಿ. ನಗರ ಉಳಿದಿದ್ದರೆ ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿಯುತ್ತಿದ್ದರೇ, ಇಂಗ್ಲಿಷರು ಬರುತ್ತಿದ್ದರೇ ಎಂದು ಹೋದಷ್ಟೂ ನಮ್ಮ ಆಸೆಯೇ ಇತಿಹಾಸದ ವೇಷ ಹಾಕುತ್ತದೆ.

ಮುಂದಿನ ಸಲ ಹಂಪಿಗೆ ಹೋದಾಗ ಕಲ್ಲಿನ ರಥದ ಮುಂದೆ ಫೋಟೋ ತೆಗೆದು ತಿರುಗಿ ಬರಬೇಡಿ. ತಳವಾರಘಟ್ಟದ ಬಾಗಿಲಿಗೆ ನಡೆದುಹೋಗಿ, ಕೋಟೆಗೋಡೆಯ ದಪ್ಪ ನೋಡಿ, ಆಮೇಲೆ ನಿಮ್ಮ ತೀರ್ಪು ಹೇಳಿ.