ಪೋರ್ಟ್ 3000 ಯಾರ ಕೈಯಲ್ಲಿದೆ?

ಪ್ರಶ್ನೆ: ಕಾಲೇಜು ಪ್ರಾಜೆಕ್ಟ್‌ಗೆಂದು ನೋಡ್ ಮತ್ತು ಸಾಕೆಟ್ ಡಾಟ್ ಐಒ ಬಳಸಿ ಚಾಟ್ ಸರ್ವರ್ ಬರೆಯುತ್ತಿದ್ದೇನೆ. ಉಬುಂಟು ಲ್ಯಾಪ್‌ಟಾಪ್. ಮೊದಲ ಸಲ ಚೆನ್ನಾಗಿ ಓಡುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ‘ಇಎಡಿಡಿಆರ್‌ಇನ್‌ಯೂಸ್’ ಎಂಬ ದೋಷ. ಗೆಳೆಯರು ಪೋರ್ಟ್ ಬದಲಿಸು ಅನ್ನುತ್ತಾರೆ. 3000ದಿಂದ ಹೊರಟವಳು ಈಗ 3004ಕ್ಕೆ ಬಂದಿದ್ದೇನೆ!
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಹೀಗೇ ಹೋದರೆ 65535ರವರೆಗೂ ಹೋಗಬಹುದು. ಹಳೆಯ ಸರ್ವರ್‌ಗಳು ಮಾತ್ರ ಹಿಂದೆ ಮೆಮೊರಿ ತಿನ್ನುತ್ತಾ ಕೂತೇ ಇರುತ್ತವೆ. ‘ನಿಲ್ಲಿಸಿ’ ಅಂದಿರಲ್ಲ, ಹೇಗೆ ನಿಲ್ಲಿಸುತ್ತೀರಿ? ಕಂಟ್ರೋಲ್-ಝಡ್ ಒತ್ತುತ್ತಿದ್ದೀರಿ ಎಂದು ನನ್ನ ಅನುಮಾನ. ಅದರಿಂದ ಪ್ರೋಗ್ರಾಮ್ ಮುಗಿಯುವುದಿಲ್ಲ, ಇದ್ದಲ್ಲೇ ಸ್ತಬ್ಧವಾಗುತ್ತದೆ ಅಷ್ಟೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರ ಹಾಗೆ, ಆಸಾಮಿ ಕೂತಿಲ್ಲದಿದ್ದರೂ ಜಾಗ ಅವನದೇ.

ಬ್ರೌಸರ್‌ನಲ್ಲಿ ಆ ಪೋರ್ಟ್ ತೆರೆದು ನೋಡಿ. ಯಾರೂ ಇಲ್ಲದಿದ್ದರೆ ಸಂಪರ್ಕ ನಿರಾಕರಿಸಲಾಗಿದೆ ಎಂಬ ಸಂದೇಶ ತಕ್ಷಣ ಬರಬೇಕು. ನಿಮಗೆ ಚಕ್ರ ಸುಮ್ಮನೆ ಸುತ್ತುತ್ತಿರುತ್ತದೆ. ಕರ್ನಲ್ ಸಂಪರ್ಕವನ್ನು ಒಪ್ಪಿಕೊಂಡಿದೆ, ಉತ್ತರಿಸಬೇಕಾದ ನೋಡ್ ಮಾತ್ರ ಮಲಗಿದೆ. ಅದೇ ಟರ್ಮಿನಲ್‌ನಲ್ಲಿ ‘ಜಾಬ್ಸ್’ ಎಂದು ಟೈಪ್ ಮಾಡಿದರೆ ಮಲಗಿದವರ ಪಟ್ಟಿ ಸಿಗುತ್ತದೆ. ‘ಎಫ್‌ಜಿ’ ಎಂದು ಎಬ್ಬಿಸಿ, ಕಂಟ್ರೋಲ್-ಸಿ ಒತ್ತಿ ಮುಗಿಸಿ.

ಜಾಬ್ಸ್ ಪಟ್ಟಿ ಖಾಲಿ ಇದ್ದರೆ ‘ಎಲ್‌ಎಸ್‌ಒಎಫ್’ ಆಜ್ಞೆಯಿಂದ 3000 ಹಿಡಿದವರು ಯಾರೆಂದು ಕೇಳಿ. ಇಲ್ಲೊಂದು ಎಚ್ಚರ: ಬರುವ ಸಾಲುಗಳಲ್ಲಿ ಆ ಪೋರ್ಟ್‌ಗೆ ಸಂಪರ್ಕಿಸಿರುವ ನಿಮ್ಮ ಬ್ರೌಸರ್ ಕೂಡ ಇರಬಹುದು. ‘ಲಿಸನ್’ ಎಂದಿರುವ ಸಾಲಿನ ಪ್ರಕ್ರಿಯೆಯ ಸಂಖ್ಯೆಯನ್ನಷ್ಟೇ ‘ಕಿಲ್’ಗೆ ಕೊಡಿ. ಕಂಡದ್ದನ್ನೆಲ್ಲ ಕೊಂದರೆ ತೆರೆದಿಟ್ಟ ಟ್ಯಾಬ್‌ಗಳೂ ಹೋಗುತ್ತವೆ. ಮೊದಲು ಸಾದಾ ಕಿಲ್, ಅದಕ್ಕೂ ಬಗ್ಗದಿದ್ದರೆ ಮಾತ್ರ ಮೈನಸ್ 9.

ಪ್ರಶ್ನೆ: ನನ್ನದೂ ಅದೇ ದೋಷ. ಆದರೆ ಈಗಷ್ಟೇ ಆನ್ ಮಾಡಿದ ಕಂಪ್ಯೂಟರ್‌ನಲ್ಲೂ ಬರುತ್ತದೆ. ಹುಡುಕಿದರೆ ಪೋರ್ಟ್ ಹಿಡಿದವರು ಯಾರೂ ಇಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಹಾಗಿದ್ದರೆ ಜಗಳ ನಿಮ್ಮ ಫೈಲಿನೊಳಗೇ ನಡೆಯುತ್ತಿದೆ. ‘ಲಿಸನ್’ ಎಂಬ ಪದ ಎಷ್ಟು ಕಡೆ ಇದೆ ಎಂದು ಹುಡುಕಿ. ಎಕ್ಸ್‌ಪ್ರೆಸ್‌ನ ಹಳೆಯ ಕೋಡ್‌ಗೆ ಸಾಕೆಟ್ ಸೇರಿಸುವವರು ‘ಆ್ಯಪ್ ಡಾಟ್ ಲಿಸನ್’ ಸಾಲನ್ನು ಹಾಗೇ ಬಿಟ್ಟು, ಕೆಳಗೆ ‘ಸರ್ವರ್ ಡಾಟ್ ಲಿಸನ್’ ಕೂಡ ಬರೆಯುತ್ತಾರೆ. ಎರಡಕ್ಕೂ 3000. ಮೊದಲನೆಯದು ಒಳಗೊಳಗೇ ಬೇರೊಂದು ಸರ್ವರ್ ಹುಟ್ಟಿಸಿ ಪೋರ್ಟ್ ಹಿಡಿಯುತ್ತದೆ, ಎರಡನೆಯದು ಬಾಗಿಲಲ್ಲೇ ಬೀಳುತ್ತದೆ. ಪ್ರೋಗ್ರಾಮ್ ಸತ್ತೊಡನೆ ಪೋರ್ಟ್ ಬಿಡುಗಡೆಯಾಗುವುದರಿಂದ ಹುಡುಕಿದಾಗ ಯಾರೂ ಸಿಗುವುದಿಲ್ಲ.

ವೆಬ್‌ಸಾಕೆಟ್‌ಗೆ ಪ್ರತ್ಯೇಕ ಪೋರ್ಟ್ ಬೇಕೇ ಇಲ್ಲ. 2011ರ ಅದರ ಮಾನಕದ ಪ್ರಕಾರ ಸಂಪರ್ಕ ಶುರುವಾಗುವುದೇ ಸಾಮಾನ್ಯ ಎಚ್‌ಟಿಟಿಪಿ ವಿನಂತಿಯಾಗಿ, ‘ಅಪ್‌ಗ್ರೇಡ್’ ಎಂಬ ಹೆಡರ್‌ನೊಂದಿಗೆ. ಆದ್ದರಿಂದ ‘ಆ್ಯಪ್ ಡಾಟ್ ಲಿಸನ್’ ಅಳಿಸಿ. ಅದನ್ನುಳಿಸಿ ಇನ್ನೊಂದನ್ನು ಅಳಿಸಿದರೆ ದೋಷ ಹೋಗುತ್ತದೆ, ಆದರೆ ಸಾಕೆಟ್ ವಿನಂತಿಗಳಿಗೆಲ್ಲ 404 ಬರುತ್ತದೆ. ಅದು ಇನ್ನೂ ದೊಡ್ಡ ತಲೆನೋವು.

ಪ್ರಶ್ನೆ: ಮ್ಯಾಕ್‌ನಲ್ಲಿ ಫ್ಲಾಸ್ಕ್ ಸಾಕೆಟ್ ಸರ್ವರ್ 5000ದಲ್ಲಿ ಏಳುವುದೇ ಇಲ್ಲ. ಬ್ರೌಸರ್‌ನಲ್ಲಿ 403 ಬರುತ್ತದೆ. ಕಿಲ್ ಮಾಡಿದರೂ ಅದೇನೋ ಮತ್ತೆ ಹುಟ್ಟಿ ಬರುತ್ತದೆ.
– ಓದುಗರು, ಮಂಗಳೂರು

ಉತ್ತರ: ಅದು ಏರ್‌ಪ್ಲೇ ರಿಸೀವರ್. 2021ರ ಮಾಂಟೆರೆಯಿಂದೀಚೆಗೆ ಮ್ಯಾಕ್ ತಾನೇ 5000 ಮತ್ತು 7000 ಪೋರ್ಟ್‌ಗಳಲ್ಲಿ ಕಿವಿಗೊಟ್ಟು ಕೂರುತ್ತದೆ. ಆ 403 ಉತ್ತರದ ಹೆಡರ್‌ಗಳಲ್ಲಿ ಸರ್ವರ್ ಹೆಸರು ‘ಏರ್‌ಟ್ಯೂನ್ಸ್’ ಎಂದಿರುವುದನ್ನು ನೀವೇ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ಏರ್‌ಪ್ಲೇ ರಿಸೀವರ್ ಆಫ್ ಮಾಡಿ, ಇಲ್ಲವೇ 5001 ಬಳಸಿ. ಪೋರ್ಟ್ ಬದಲಿಸುವುದು ಸರಿಯಾದ ಪರಿಹಾರವಾಗುವ ಅಪರೂಪದ ಸಂದರ್ಭ ಇದು.

ಪ್ರಶ್ನೆ: ವಿಂಡೋಸ್‌ನಲ್ಲಿ ‘ಇಆಕ್ಸೆಸ್’ ದೋಷ. ನೆಟ್‌ಸ್ಟ್ಯಾಟ್‌ನಲ್ಲಿ ಆ ಪೋರ್ಟ್ ಕಾಣುವುದಿಲ್ಲ.
– ಓದುಗರು, ತುಮಕೂರು

ಉತ್ತರ: ಇದು ಬೇರೆ ಕಾಯಿಲೆ. ಹೈಪರ್-ವಿ ಆನ್ ಇದ್ದರೆ ವಿಂಡೋಸ್ ಕೆಲವು ಪೋರ್ಟ್ ಸಾಲುಗಳನ್ನು ಮೊದಲೇ ಕಾಯ್ದಿರಿಸುತ್ತದೆ. ನೆಟ್‌ಸ್ಟ್ಯಾಟ್ ಅದನ್ನು ತೋರಿಸುವುದಿಲ್ಲ. ‘ನೆಟ್‌ಎಸ್‌ಎಚ್’ ಆಜ್ಞೆಯಲ್ಲಿ ‘ಎಕ್ಸ್‌ಕ್ಲೂಡೆಡ್ ಪೋರ್ಟ್ ರೇಂಜ್’ ಕೇಳಿ, ಅದರಾಚೆಯ ಸಂಖ್ಯೆ ಆರಿಸಿ.

ಈ ಬಗೆಯ ಪ್ರಶ್ನೆ ಕಳಿಸುವವರು ದೋಷದ ಸಾಲನ್ನು ಪೂರ್ತಿಯಾಗಿ, ಆಪರೇಟಿಂಗ್ ಸಿಸ್ಟಮ್ ಹೆಸರಿನೊಂದಿಗೆ ಬರೆದು ಕಳಿಸಿ. ‘ಸರ್ವರ್ ಓಡುತ್ತಿಲ್ಲ’ ಎಂದಷ್ಟೇ ಬರೆದರೆ ನನಗೂ ದಾರಿ ಕಾಣುವುದಿಲ್ಲ.