ಮಧ್ಯಾಹ್ನದ ವೋಲ್ಟೇಜು

ನೋಡಪ್ಪಾ, ನೀನು ಬಿಟ್ಟುಹೋದ ಗಿಟಾರಿನ ಫಝ್ ಡಬ್ಬಿಯನ್ನು ರಾತ್ರಿ ಬಿಚ್ಚಿ ನೋಡಿದೆ. ಬೆಸುಗೆ ಹೊಳಪಾಗಿದೆ, ವೈರು ಒಪ್ಪವಾಗಿದೆ. ಮೊದಲ ಸಲಕ್ಕೆ ಇಷ್ಟು ಅಚ್ಚುಕಟ್ಟಾಗಿ ಮಾಡಿದವರನ್ನು ನಾನು ಕಂಡಿಲ್ಲ. ‘ಬೆಳಿಗ್ಗೆ ಚೆನ್ನಾಗಿ ನುಡೀತದೆ ಮಾವ, ಮಧ್ಯಾಹ್ನ ಗಂಟಲು ಕಟ್ಟತದೆ’ ಅಂದೆಯಲ್ಲ, ಅಲ್ಲಿಗೇ ಅರ್ಧ ರೋಗ ತಿಳಿಯಿತು. ಟ್ರಾನ್ಸಿಸ್ಟರ್ ಸತ್ತಿಲ್ಲ. ಅದರ ಬಯಾಸ್ ಜಾಗ ಬಿಟ್ಟು ಸರಿಯುತ್ತಿದೆ.

ಡ್ಯಾಮಿನ ಕಾಲುವೆ ನೋಡಿ ಬೆಳೆದವನು ನೀನು, ಬಯಾಸನ್ನು ಅದರ ನೀರಿನ ಮಟ್ಟ ಅಂದುಕೋ. ನೀರು ಅರ್ಧಕ್ಕೆ ನಿಂತಿದ್ದರೆ ಅಲೆ ಏಳುವುದಕ್ಕೂ ಇಳಿಯುವುದಕ್ಕೂ ಜಾಗ. ದಂಡೆ ತುಂಬಿದ್ದರೆ ಮೇಲಿನ ಅಲೆ ಚೆಲ್ಲುತ್ತದೆ, ತಳ ಹಿಡಿದಿದ್ದರೆ ಕೆಳಗಿನ ಅಲೆಗೆ ಹಾದಿಯಿಲ್ಲ. 9 ವೋಲ್ಟಿನ ಬ್ಯಾಟರಿಯಲ್ಲಿ ಕಲೆಕ್ಟರ್ 4.5ರ ಹತ್ತಿರ ಕೂತಿರಬೇಕು ಅನ್ನುವುದು ಇದಕ್ಕೇ. ಸ್ವರ ಒಡೆಯಲೆಂದೇ ಮಾಡಿದ ಡಬ್ಬಿಗೆ ಇಷ್ಟು ಲೆಕ್ಕ ಯಾಕೆ ಅಂತೀಯಾ? ತಂತಿ ಮೀಟಿ ಸುಮ್ಮನೆ ಕೇಳು. ಸ್ವರ ಮೆಲ್ಲಗೆ ಆರಿಹೋಗಬೇಕು. ‘ಕರ್ ಕರ್’ ಅಂದು ಅರ್ಧದಲ್ಲೇ ಕತ್ತರಿಸಿಹೋದರೆ ಕಲೆಕ್ಟರ್ ಯಾವುದೋ ಒಂದು ದಂಡೆಗೆ ಅಂಟಿದೆ ಅಂತ ತಿಳಿ.

ಟ್ರಾನ್ಸಿಸ್ಟರ್ ಕೀಳುವ ಕೈಯನ್ನು ಮೊದಲು ತಡೆ. ಹರೆಯದಲ್ಲಿ ಸಂಡೂರಿನ ಜಾತ್ರೆಯೊಂದರಲ್ಲಿ ಮೈಕ್‌ಸೆಟ್ ಕೈಕೊಟ್ಟಾಗ ಒಂದರ ಮೇಲೊಂದು ಮೂರು ಟ್ರಾನ್ಸಿಸ್ಟರ್ ಬದಲಿಸಿದೆ. ತಪ್ಪು ಇದ್ದದ್ದು ಎಮಿಟರ್ ರೆಸಿಸ್ಟರಿನ ಡ್ರೈ ಸೋಲ್ಡರಿನಲ್ಲಿ. ಮೀಟರ್ ಹಿಡಿದಿದ್ದರೆ ಎರಡು ನಿಮಿಷದ ಕೆಲಸ. ಜನ ಕಾದು ಕೂತಿದ್ದರು, ಆ ನಾಚಿಕೆ ನನಗೆ ಇನ್ನೂ ನೆನಪಿದೆ.

ಹಾಗಾಗಿ ಬ್ಯಾಟರಿಯಿಂದ ಶುರುಮಾಡು. ಇನ್‌ಪುಟ್ ಜ್ಯಾಕಿಗೆ ಪಿನ್ನು ಹಾಕಿದ ಮೇಲೇ ಅಳೆ. ನೀನು ಹಾಕಿರುವಂಥ ಸ್ಟೀರಿಯೋ ಜ್ಯಾಕಿನಲ್ಲಿ ಪಿನ್ನು ಕೂತಾಗಲೇ ಬ್ಯಾಟರಿಯ ದಾರಿ ಕೂಡುತ್ತದೆ, ಇಲ್ಲದಿದ್ದರೆ ಎಲ್ಲಾ ಕಡೆ ಸೊನ್ನೆ ಕಂಡು ಗಾಬರಿಯಾಗುತ್ತೀಯ. ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿಡು. ಆಮೇಲೆ ಬೇಸಿಗೂ ಎಮಿಟರಿಗೂ ನಡುವೆ ನೋಡು: ಸಿಲಿಕಾನ್ ಆದರೆ 0.6 ಚಿಲ್ಲರೆ, ಜರ್ಮೇನಿಯಂ ಆದರೆ 0.1ರಿಂದ 0.3. ಕಲೆಕ್ಟರಿನಲ್ಲಿ ಪೂರ್ತಿ 9 ಇದ್ದರೆ ಟ್ರಾನ್ಸಿಸ್ಟರ್ ಮಲಗಿದೆ. ಬೇಸಿಗೆ ಕರೆಂಟು ಬರುತ್ತಿಲ್ಲ ಅಥವಾ ಎಮಿಟರಿನ ದಾರಿ ಕಡಿದಿದೆ. ಕಲೆಕ್ಟರೂ ಎಮಿಟರೂ ಹೆಚ್ಚುಕಡಿಮೆ ಒಂದೇ ತೋರಿಸಿದರೆ ಬೇಸಿಗೆ ಮಿತಿಮೀರಿ ಕರೆಂಟು ಹೋಗುತ್ತಿದೆ. ಎಷ್ಟೋ ಡಬ್ಬಿಗಳಲ್ಲಿ 470 ಕೆ ಹಾಕುವಲ್ಲಿ 47 ಕೆ ಕೂತಿರುತ್ತದೆ, ಮೂರನೇ ಪಟ್ಟಿಯ ಹಳದಿಯೂ ಕಿತ್ತಳೆಯೂ ಟ್ಯೂಬ್‌ಲೈಟಿನ ಕೆಳಗೆ ಒಂದೇ ಥರ ಕಾಣುತ್ತವೆ.

ಕಾಲುಗಳ ವಿಚಾರದಲ್ಲಿ ಚಿತ್ರ ನಂಬಿ ಮೋಸಹೋಗಬೇಡ. ಚಪ್ಪಟೆ ಮುಖ ನಿನ್ನ ಕಡೆಗಿದ್ದು ಕಾಲು ಕೆಳಗಿದ್ದರೆ, ಬಿಸಿ 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಅದೇ ತಿರುಗುಮುರುಗು. ತಿರುವಿ ಹಾಕಿದರೂ ಅದು ಪೂರ್ತಿ ಸುಮ್ಮನಿರುವುದಿಲ್ಲ, ಬಲವಿಲ್ಲದೆ ಕುಂಟುತ್ತದೆ. ಹುಡುಗರು ಇದರಲ್ಲೇ ವಾರಗಟ್ಟಲೆ ಕಳೆಯುವುದು.

ಈಗ ನಿನ್ನ ಡಬ್ಬಿಗೆ ಬರುತ್ತೇನೆ. ನೀನು ಇಟ್ಟುಕೊಂಡಿರುವ ನಕ್ಷೆ ಫಝ್ ಫೇಸಿನದು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದದ್ದು. ಅದರ ದುಂಡನೆಯ ಆಕಾರ ಮೈಕ್ ಸ್ಟ್ಯಾಂಡಿನ ಬುಡ ನೋಡಿ ಹೊಳೆದದ್ದಂತೆ, ನಮ್ಮ ಕಸುಬಿನವರಿಗೆ ಹೆಮ್ಮೆಯ ಮಾತು. ಜಿಮಿ ಹೆಂಡ್ರಿಕ್ಸ್ ಕಾಲಲ್ಲಿ ಒತ್ತುತ್ತಿದ್ದದ್ದು ಇದನ್ನೇ. ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್, 33 ಕೆ, 8.2 ಕೆ, 100 ಕೆ, ಜೊತೆಗೆ ಇನ್ನು ಕೆಲವೇ ಬಿಡಿ ಸಾಮಾನು. ಆದರೆ ಆ ಅಂಕಿಗಳು ಲಂಡನ್ನಿನ ಹವೆಗೆ, ಅಲ್ಲಿ ಸಿಕ್ಕ ಟ್ರಾನ್ಸಿಸ್ಟರುಗಳಿಗೆ ಕೂಡಿಬಂದವು. ಜರ್ಮೇನಿಯಂನಲ್ಲಿ ಬೇಸ್ ಮುಟ್ಟದಿದ್ದರೂ ಒಂದಿಷ್ಟು ಕರೆಂಟು ಸೋರುತ್ತದೆ, ಬಿಸಿ ಹತ್ತು ಡಿಗ್ರಿ ಏರಿದರೆ ಆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. ಏಪ್ರಿಲ್‌ನಲ್ಲಿ ಹೊಸಪೇಟೆಯ ತಗಡಿನ ಸೂರಿನ ಕೆಳಗೆ 40 ದಾಟುವಾಗ ಬೆಳಗಿನ 4.5 ಎಲ್ಲಿ ಉಳಿದೀತು?

ಇಷ್ಟೆಲ್ಲ ಅಳೆದ ಮೇಲೆ ಒಂದೊಂದು ಟ್ರಾನ್ಸಿಸ್ಟರನ್ನೂ ಹೊರಗೇ ಪರೀಕ್ಷಿಸು. ನಿನ್ನ ಎಸಿ128 ಪಿಎನ್‌ಪಿ. ಎಮಿಟರ್ ಬ್ಯಾಟರಿಯ ಪ್ಲಸ್ಸಿಗೆ, ಕಲೆಕ್ಟರ್ 2.2 ಕೆ ಮೂಲಕ ಮೈನಸ್ಸಿಗೆ, ಬೇಸ್ ಹಾಗೇ ಗಾಳಿಯಲ್ಲಿ. ಆ ರೆಸಿಸ್ಟರಿನ ಮೇಲೆ 0.22 ವೋಲ್ಟ್ ಬಂದರೆ 100 ಮೈಕ್ರೋಆಂಪಿಯರ್ ಸೋರಿಕೆ. 0.66 ದಾಟಿದ್ದನ್ನು ನಮ್ಮೂರಿನ ಬಿಸಿಲಿಗೆ ಹಾಕಬೇಡ. ಬೆರಳಲ್ಲಿ ಹಿಡಿದು ಅಳೆಯಬೇಡ, ಮೈ ಬಿಸಿಗೇ ಅಂಕಿ ಏರುತ್ತದೆ. ಮೀಟರಿನ ಗೇನ್ ತೂತನ್ನೂ ನಂಬಬೇಡ, ಅದು ಸೋರಿಕೆಯನ್ನೇ ಗೇನ್ ಎಂದು ಎಣಿಸುತ್ತದೆ. ಕಡಿಮೆ ಸೋರುವುದು, ಕಡಿಮೆ ಗೇನಿನದು ಮೊದಲ ಸ್ಥಾನಕ್ಕೆ ಹೋಗಲಿ.

8.2 ಕೆ ತೆಗೆದು ಅಲ್ಲಿ 20 ಕೆ ಪ್ರೀಸೆಟ್ ಕೂರಿಸು. ಬೆಸುಗೆ ಆರುವವರೆಗೆ ಕಾದು, ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ 4.5 ಬರುವಂತೆ ತಿರುಗಿಸು. ಇದು ಪಾಸಿಟಿವ್ ಗ್ರೌಂಡ್, ಹಾಗಾಗಿ ಮೀಟರ್ ಮೈನಸ್ ತೋರಿಸಿದರೆ ಹೆದರಬೇಡ. ಆದರೆ ಬೇರೆ ಪೆಡಲುಗಳ ಜೊತೆ ಒಂದೇ ಅಡಾಪ್ಟರಿಗೆ ಸೇರಿಸಲೇಬೇಡ, ಪ್ಲಸ್ಸೂ ಮೈನಸ್ಸೂ ಕೂಡಿ ಶಾರ್ಟ್ ಆಗುತ್ತದೆ. ಪ್ರೀಸೆಟ್ಟನ್ನು ಬೆಳಗಿನ ತಂಪಲ್ಲಿ ತಿರುಗಿಸಬೇಡ. ನೀನು ನುಡಿಸುವ ಹೊತ್ತಿನ ಬಿಸಿಯಲ್ಲೇ ತಿರುಗಿಸಿ, ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು ಎಂದು ಮುಚ್ಚಳದ ಒಳಗೆ ಬರೆದಿಡು.

ನಿನ್ನವು ಹೆಚ್ಚು ಸೋರಿದರೆ ಬೇರೆ ಟ್ರಾನ್ಸಿಸ್ಟರಿಗಾಗಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಈಗಲೇ ಹೊರಡಬೇಡ. ಬೆಂಗಳೂರಿನ ಬಿಇಎಲ್ 1962ರಲ್ಲೇ ಜರ್ಮೇನಿಯಂ ಮಾಲು ತಯಾರಿಸಲು ತೊಡಗಿತ್ತು, ನಮ್ಮ ಕಾಲದ ರೇಡಿಯೋಗಳಲ್ಲಿ ಅವೇ ಹಾಡಿದ್ದು. ಅಟ್ಟದ ಮೇಲೆ ಅಂಥ ಎರಡು ರೇಡಿಯೋ ಇವೆ, ಔಟ್‌ಪುಟ್ಟಿನಲ್ಲಿ ಜೋಡಿ ಎಸಿ128. ಭಾನುವಾರ ಬಿಸಿಲೇರುವ ಮುಂಚೆ ಬಾ. ಕಾಲನ್ನು ಚಿಮುಟದಲ್ಲಿ ಹಿಡಿದುಕೊಂಡು, ಕಾವು ಒಳಗೆ ಹೋಗದ ಹಾಗೆ, ನೀನೇ ಬಿಚ್ಚು. ಮೀಟರ್ ನಾನು ಹಿಡಿಯುತ್ತೇನೆ.